ಪದರ ರಚನೆಯ ನಿರವಯವ ಘನಗಳು

ಒಂದು ಸಮತಲದೊಳಗೆ ಪರಮಾಣುಗಳು ಬಲವಾದ ಬಂಧಗಳಿಂದ ಹೆಣೆದುಕೊಂಡಿದ್ದು, ಅಂಥ ಸಮತಲಗಳು ಒಂದರ ಮೇಲೊಂದು ಸಡಿಲವಾಗಿ ಪೇರಿಕೊಂಡಿರುವ ಸ್ಫಟಿಕಗಳಿಗೆ ಪದರ ರಚನೆಯ ಘನಗಳೆಂದು ಹೆಸರು. ಗ್ರಾಫೈಟ್, ಕಾಗೆಬಂಗಾರವೆಂದು ಜನ ಕರೆಯುವ ಅಭ್ರಕ, ಜೇಡಿಮಣ್ಣು, ಯಂತ್ರಗಳಿಗೆ ಜಾರೆಣ್ಣೆಯ ಬದಲು ಬಳಸುವ ಮಾಲಿಬ್ಡಿನಮ್ ಡೈಸಲ್ಫೈಡ್, ಮೊಬೈಲ್ ಬ್ಯಾಟರಿಯೊಳಗಿನ ಲಿಥಿಯಮ್ ಕೋಬಾಲ್ಟ್ ಆಕ್ಸೈಡ್, ದ್ರವ ಸಾರಜನಕದ ತಾಪದಲ್ಲಿ ತಡೆಯೇ ಇಲ್ಲದೆ ವಿದ್ಯುತ್ ಹರಿಸುವ ತಾಮ್ರದ ಆಕ್ಸೈಡುಗಳು ಎಲ್ಲವೂ ಈ ಕುಟುಂಬಕ್ಕೆ ಸೇರಿದವು. ಇವುಗಳ ಗುಣ ಹುಟ್ಟುವುದು ಪದರದೊಳಗೆ. ಅದನ್ನು ಹೆಚ್ಚಿಸುವ, ಅಡಗಿಸುವ, ಕೆಲವೊಮ್ಮೆ ಪೂರ್ತಿ ಬದಲಿಸುವ ಕೆಲಸ ನಡೆಯುವುದು ಎರಡು ಪದರಗಳ ನಡುವಣ ಸಂದಿನಲ್ಲಿ. ರಸಾಯನಜ್ಞರ ಕೈಗೆ ಸುಲಭವಾಗಿ ಎಟಕುವ ಜಾಗವೂ ಅದೇ. ಆದ್ದರಿಂದ ಪದರಗಳಷ್ಟೇ ಗಮನವನ್ನು ಸಂದಿಗೂ ಕೊಡದಿದ್ದರೆ ಈ ವಸ್ತುಗಳು ಅರ್ಥವಾಗುವುದಿಲ್ಲ.

ರಚನೆ

ಸರಳ ಉದಾಹರಣೆ ಗ್ರಾಫೈಟ್. 1924ರಲ್ಲಿ ಜೆ. ಡಿ. ಬರ್ನಾಲ್ ಎಕ್ಸ್‌ಕಿರಣಗಳಿಂದ ಬಿಡಿಸಿಟ್ಟ ಇದರ ರಚನೆಯಲ್ಲಿ ಇಂಗಾಲದ ಪರಮಾಣುಗಳು ಷಟ್ಕೋನಗಳ ಜಾಲವಾಗಿ ಹರಡಿವೆ. ಜಾಲದೊಳಗೆ ಪಕ್ಕದ ಎರಡು ಪರಮಾಣುಗಳ ಅಂತರ 1.42 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು). ಎರಡು ಜಾಲಗಳ ನಡುವಣ ಅಂತರ 3.35 ಆಂಗ್‌ಸ್ಟ್ರಾಂ. ಈ ಎರಡು ಅಂಕಿಗಳ ವ್ಯತ್ಯಾಸದಲ್ಲೇ ಗ್ರಾಫೈಟಿನ ಸ್ವಭಾವ ಅಡಗಿದೆ. ಪದರದ ಉದ್ದಕ್ಕೂ ವಿದ್ಯುತ್ ಲೋಹದಲ್ಲಿ ಹರಿದಂತೆ ಹರಿಯುತ್ತದೆ. ಪದರಗಳನ್ನು ದಾಟಿ ಹರಿಯಬೇಕಾದಾಗ, ಒಳ್ಳೆಯ ಸ್ಫಟಿಕದಲ್ಲಿ, ವಾಹಕತೆ ಸಾವಿರಾರು ಪಟ್ಟು ಕುಗ್ಗುತ್ತದೆ. ಉಷ್ಣವಹನದಲ್ಲೂ ನೂರಾರು ಪಟ್ಟು ಅಂತರವಿದೆ. ದಿಕ್ಕಿಗೆ ತಕ್ಕಂತೆ ಗುಣ ಬದಲಾಗುವ ಈ ಲಕ್ಷಣ ಪದರ ಘನಗಳೆಲ್ಲಕ್ಕೂ ಇದೆ, ಪ್ರಮಾಣ ಮಾತ್ರ ಬೇರೆ ಬೇರೆ.

ಗ್ರಾಫೈಟಿನ ಪದರ ಒಂದೇ ಪರಮಾಣುವಿನಷ್ಟು ದಪ್ಪ. ಎಲ್ಲ ಪದರಗಳೂ ಹೀಗಿರುವುದಿಲ್ಲ. ಡಿಕಿನ್ಸನ್ ಮತ್ತು ಲೈನಸ್ ಪಾಲಿಂಗ್ 1923ರಲ್ಲಿ ಕಂಡುಕೊಂಡಂತೆ, ಮಾಲಿಬ್ಡಿನಮ್ ಡೈಸಲ್ಫೈಡಿನ ಒಂದು ಪದರವೆಂದರೆ ಗಂಧಕ, ಮಾಲಿಬ್ಡಿನಮ್, ಗಂಧಕ ಎಂಬ ಮೂರು ತಲಗಳು. ಪ್ರತಿ ಲೋಹ ಪರಮಾಣುವನ್ನು ಆರು ಗಂಧಕಗಳು ತ್ರಿಕೋನ ಪಟ್ಟಕದ ಮೂಲೆಗಳಲ್ಲಿ ನಿಂತು ಸುತ್ತುವರಿದಿವೆ. ಟೈಟೇನಿಯಮ್ ಡೈಸಲ್ಫೈಡಿನಲ್ಲಿ ಅದೇ ಆರು ಗಂಧಕಗಳು ಅಷ್ಟಮುಖಿಯಾಗಿ ನಿಲ್ಲುತ್ತವೆ. ಬಿಸ್ಮತ್ ಟೆಲುರೈಡಿನ ಪದರದಲ್ಲಿ ಐದು ತಲಗಳಿವೆ. ಪದರಗಳ ರಚನೆ ಒಂದೇ ಆಗಿದ್ದರೂ ಪೇರಿಕೆಯ ಕ್ರಮ ಬದಲಾಗಬಹುದು: ಎರಡು ಪದರಕ್ಕೊಮ್ಮೆ ಮರಳುವ ಪೇರಿಕೆ ಒಂದು ರೂಪ, ಮೂರು ಪದರಕ್ಕೊಮ್ಮೆ ಮರಳುವುದು ಇನ್ನೊಂದು ರೂಪ. ಪೇರಿಕೆಯಲ್ಲಿ ತಪ್ಪುಗಳು ನುಸುಳುವುದೂ ತೀರ ಸಾಮಾನ್ಯ. ಜೇಡಿಮಣ್ಣು ಮತ್ತು ಹೈಡ್ರಾಕ್ಸೈಡುಗಳ ಎಕ್ಸ್‌ಕಿರಣ ಚಿತ್ರದಲ್ಲಿ ಕೆಲವು ರೇಖೆಗಳು ಚೂಪಾಗಿಯೂ ಕೆಲವು ಮಬ್ಬಾಗಿ ಹರಡಿಕೊಂಡೂ ಕಾಣುವುದಕ್ಕೆ ಇದೇ ಕಾರಣ. ಬೆಂಗಳೂರು ವಿಶ್ವವಿದ್ಯಾನಿಲಯದ ಸೆಂಟ್ರಲ್ ಕಾಲೇಜಿನಲ್ಲಿ ಪಿ. ವಿಷ್ಣು ಕಾಮತ್ ಮತ್ತು ಅವರ ವಿದ್ಯಾರ್ಥಿಗಳು ಪದರ ಹೈಡ್ರಾಕ್ಸೈಡುಗಳಲ್ಲಿ ಈ ಪೇರಿಕೆಯ ದೋಷಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು.

ಪದರದ ಆವೇಶ

ಪದರವೊಂದರ ಮೇಲೆ ವಿದ್ಯುದಾವೇಶ ಇದೆಯೇ, ಇದ್ದರೆ ಎಷ್ಟು ಎಂಬುದರ ಮೇಲೆ ಈ ಘನಗಳನ್ನು ವಿಂಗಡಿಸುವುದು ಹೆಚ್ಚು ಪ್ರಯೋಜನಕಾರಿ. ಪದರ ತಟಸ್ಥವಾಗಿದ್ದರೆ ಸಂದಿನಲ್ಲಿ ವ್ಯಾನ್ ಡರ್ ವಾಲ್ಸ್ ಬಲವೊಂದೇ ಇರುತ್ತದೆ. ಪದರ ಋಣಾವೇಶದ್ದಾದರೆ ಸಂದಿನಲ್ಲಿ ಧನ ಅಯಾನುಗಳು ಕೂತು ಎರಡು ಬದಿಗಳನ್ನು ಹಿಡಿದಿಡುತ್ತವೆ. ಪದರವೇ ಧನಾವೇಶದ್ದಾದರೆ ಸಂದಿನಲ್ಲಿ ಋಣ ಅಯಾನುಗಳು ಇರುತ್ತವೆ. ಹೈಡ್ರೊಟಾಲ್ಸೈಟ್ ಎಂಬ ಮೆಗ್ನೀಸಿಯಮ್–ಅಲ್ಯುಮಿನಿಯಮ್ ಹೈಡ್ರಾಕ್ಸೈಡ್ ಈ ಮೂರನೆಯ, ಸ್ವಲ್ಪ ಅಪರೂಪದ, ಬಗೆಯದು. ಅದರ ಸಂದಿನಲ್ಲಿ ಕಾರ್ಬೊನೇಟ್ ಅಯಾನುಗಳೂ ನೀರೂ ಇವೆ.

ಆವೇಶದ ಪಾತ್ರ ನಿಚ್ಚಳವಾಗಿ ಕಾಣುವುದು ಸಿಲಿಕೇಟ್ ಖನಿಜಗಳಲ್ಲಿ. ಬಳಪದ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕಿನ ಪದರಕ್ಕೆ ಆವೇಶವಿಲ್ಲ. ಅದು ಮೋಸ್ ಕಾಠಿಣ್ಯ ಮಾನದ ಮೊದಲ ಮೆಟ್ಟಿಲು, ಉಗುರಿನಿಂದ ಗೀರಬಹುದು. ಅಂಥದೇ ಪದರದಲ್ಲಿ ನಾಲ್ಕು ಸಿಲಿಕಾನ್‌ಗಳಲ್ಲಿ ಒಂದರ ಜಾಗಕ್ಕೆ ಅಲ್ಯುಮಿನಿಯಮ್ ಬಂದರೆ ಒಂದು ಋಣಾವೇಶ ಉಳಿಯುತ್ತದೆ, ಅದನ್ನು ಸರಿದೂಗಿಸಲು ಸಂದಿಗೆ ಪೊಟ್ಯಾಸಿಯಮ್ ಬರುತ್ತದೆ. ಆಗ ಅದು ಅಭ್ರಕ. ತೆಳುವಾಗಿ ಎಬ್ಬಿಸಬಹುದು, ಆದರೆ ಟಾಲ್ಕಿನಷ್ಟು ಮೆದುವಲ್ಲ. ಎರಡು ಸಿಲಿಕಾನ್‌ಗಳು ಬದಲಾಗಿ ಸಂದಿಗೆ ಕ್ಯಾಲ್ಸಿಯಮ್ ಬಂದಾಗ ಇನ್ನೂ ಗಡುಸಾದ, ಬಾಗಿಸಿದರೆ ಮುರಿಯುವ ಅಭ್ರಕ ದೊರೆಯುತ್ತದೆ. ಪಾಲಿಂಗ್ 1930ರಲ್ಲೇ ಈ ಸರಣಿಯನ್ನು ವಿವರಿಸಿದರು. ಒಂದೇ ನಕ್ಷೆಯ ಪದರ, ಸಂದಿನ ಬಿಗಿ ಮಾತ್ರ ಬೇರೆ. ಬೇಲೂರು, ಹಳೇಬೀಡುಗಳ ಹೊಯ್ಸಳ ಶಿಲ್ಪಿಗಳು ಆಭರಣದ ಕುಸುರಿಯಷ್ಟು ನವಿರಾದ ಕೆಲಸವನ್ನು ಕಲ್ಲಿನಲ್ಲಿ ತೆಗೆಯಲು ಸಾಧ್ಯವಾದದ್ದು, ಅವರು ಆರಿಸಿಕೊಂಡ ಬಳಪದ ಕಲ್ಲು ಟಾಲ್ಕ್, ಕ್ಲೋರೈಟ್‌ಗಳಂಥ ಪದರ ಸಿಲಿಕೇಟುಗಳಿಂದ ಆದದ್ದರಿಂದ. ಕರಿಕಲ್ಲಿನಲ್ಲಿ ಆ ಕೆಲಸ ಆಗುತ್ತಿರಲಿಲ್ಲ.

ಟಾಲ್ಕಿಗೂ ಅಭ್ರಕಕ್ಕೂ ನಡುವೆ, ಅಲ್ಪ ಆವೇಶದ ಜಾಗದಲ್ಲಿ, ಮಾಂಟ್‌ಮೊರಿಲೊನೈಟ್ ಮತ್ತದರ ಬಳಗದ ಜೇಡಿಗಳಿವೆ. ಆವೇಶ ಕಡಿಮೆಯಾದ್ದರಿಂದ ಸಂದು ತೆರೆಯುತ್ತದೆ. ಅಯಾನುಗಳಿರುವುದರಿಂದ ನೀರು ಒಳಗೆ ಬರುತ್ತದೆ. ಒಣಗಿದಾಗ ಸುಮಾರು 10 ಆಂಗ್‌ಸ್ಟ್ರಾಂ ಇರುವ ಪದರಾಂತರ ನೀರು ಕುಡಿದು 15ಕ್ಕೂ ಅದರಾಚೆಗೂ ಹೋಗುತ್ತದೆ. ಸೋಡಿಯಮ್ ಇರುವ ಜೇಡಿಯಂತೂ ಪದರ ಪದರವಾಗಿ ನೀರಿನಲ್ಲಿ ಬಿಚ್ಚಿಕೊಳ್ಳಬಲ್ಲದು. ಧಾರವಾಡ, ಗದಗ, ವಿಜಯಪುರ, ರಾಯಚೂರು ಸೀಮೆಯ ಎರೆಭೂಮಿ ಮಳೆಗಾಲದಲ್ಲಿ ಉಬ್ಬಿ ಅಂಟಾಗುವುದು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವುದು, ಅದರ ಮೇಲೆ ಕಟ್ಟಿದ ಮನೆಯ ಗೋಡೆ ಸೀಳುವುದು ಎಲ್ಲಕ್ಕೂ ಮೂಲ ಈ ಜೇಡಿಯ ಸಂದಿನಲ್ಲಿದೆ. ಅಭ್ರಕದಲ್ಲಿ ಪೊಟ್ಯಾಸಿಯಮ್ ಬಿಗಿಯಾಗಿ ಕೂತಿರುವುದರಿಂದ ನೀರಿಗೆ ಅಲ್ಲಿ ಪ್ರವೇಶವಿಲ್ಲ.

ಪದರಗಳು ಸಡಿಲವಾಗಿರುವುದರಿಂದಲೇ ಗ್ರಾಫೈಟ್ ಜಾರುತ್ತದೆ ಎಂಬ ವಿವರಣೆ ಶಾಲೆಯ ಪುಸ್ತಕಗಳಲ್ಲಿದೆ. ಅದು ಪೂರ್ತಿ ಸರಿಯಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಹಳ ಎತ್ತರಕ್ಕೆ ಹಾರಿದ ವಿಮಾನಗಳ ಮೋಟಾರುಗಳಲ್ಲಿ ಇಂಗಾಲದ ಬ್ರಷ್‌ಗಳು ಬೇಗಬೇಗ ಸವೆದು ಪುಡಿಯಾದವು. ಗ್ರಾಫೈಟ್ ಚೆನ್ನಾಗಿ ಜಾರಬೇಕಾದರೆ ನೀರಾವಿಯಂಥ ಅಣುಗಳು ಅದರ ಮೇಲ್ಮೈಗೆ ಅಂಟಿರಬೇಕೆಂದು ಆಗ ತಿಳಿಯಿತು. ಮಾಲಿಬ್ಡಿನಮ್ ಡೈಸಲ್ಫೈಡಿಗೆ ಆ ನೆರವು ಬೇಡ, ಹಾಗಾಗಿ ನಿರ್ವಾತದಲ್ಲಿ ದುಡಿಯುವ ಉಪಗ್ರಹಗಳ ಭಾಗಗಳಿಗೆ ಅದನ್ನೇ ಲೇಪಿಸುತ್ತಾರೆ.

ಸಂದಿನ ರಸಾಯನ

ಪದರಗಳನ್ನು ಮುರಿಯದೆ ಸಂದಿನೊಳಗೆ ಪರಮಾಣು, ಅಯಾನು ಅಥವಾ ಅಣುಗಳನ್ನು ಸೇರಿಸುವ ಕ್ರಿಯೆಗೆ ಇಂಟರ್‌ಕಲೇಷನ್ ಎನ್ನುತ್ತಾರೆ. ಗ್ರಾಫೈಟಿನೊಳಗೆ ಗಂಧಕಾಮ್ಲ ಹೊಗುವುದನ್ನು ಜರ್ಮನಿಯ ಶಾಫ್‌ಹಾಯ್ಟ್ಲ್ 1841ರಲ್ಲೇ ಗಮನಿಸಿದ್ದರು. ಪೊಟ್ಯಾಸಿಯಮ್ ಆವಿಯಲ್ಲಿಟ್ಟ ಗ್ರಾಫೈಟ್ ಎಂಟು ಇಂಗಾಲಕ್ಕೆ ಒಂದರಂತೆ ಪೊಟ್ಯಾಸಿಯಮ್ಮನ್ನು ಹೀರಿಕೊಂಡು ಹೊಂಬಣ್ಣ ತಾಳುತ್ತದೆ, ಪದರಾಂತರ 3.35ರಿಂದ ಸುಮಾರು 5.4 ಆಂಗ್‌ಸ್ಟ್ರಾಂಗೆ ಏರುತ್ತದೆ. ಲೋಹದ ಪ್ರಮಾಣ ಕಡಿಮೆಯಿದ್ದರೆ ಅದು ಎಲ್ಲ ಸಂದುಗಳಿಗೂ ಹಂಚಿಹೋಗುವುದಿಲ್ಲ. ಎರಡಕ್ಕೊಂದು ಅಥವಾ ಮೂರಕ್ಕೊಂದು ಸಂದು ತುಂಬಿ ಉಳಿದವು ಖಾಲಿಯಿರುವ ಕ್ರಮಬದ್ಧ ಹಂತಗಳು ಮೂಡುತ್ತವೆ. ಇಲ್ಲಿ ನಡೆಯುವುದು ಬರಿಯ ತುಂಬುವಿಕೆಯಲ್ಲ: ಹೊಕ್ಕ ಲೋಹ ತನ್ನ ಎಲೆಕ್ಟ್ರಾನನ್ನು ಪದರಕ್ಕೆ ಕೊಡುತ್ತದೆ, ಪದರದ ವಿದ್ಯುತ್ ಗುಣವೇ ಬದಲಾಗುತ್ತದೆ.

ಈ ಕ್ರಿಯೆ ಹಿಂದಕ್ಕೂ ನಡೆಯುವುದರಿಂದ ಬ್ಯಾಟರಿ ಸಾಧ್ಯವಾಯಿತು. 1970ರ ದಶಕದಲ್ಲಿ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಟೈಟೇನಿಯಮ್ ಡೈಸಲ್ಫೈಡಿನ ಸಂದುಗಳಿಗೆ ಲಿಥಿಯಮ್ಮನ್ನು ಸೇರಿಸಿ ತೆಗೆದು ತೋರಿಸಿದರು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡಿನಫ್ ತಂಡ ಲಿಥಿಯಮ್ ಕೋಬಾಲ್ಟ್ ಆಕ್ಸೈಡನ್ನು ಮುಂದಿಟ್ಟಿತು. ಇದರಲ್ಲಿ ಕೋಬಾಲ್ಟ್ ಆಕ್ಸೈಡಿನ ಪದರಗಳ ನಡುವೆ ಲಿಥಿಯಮ್ ಅಯಾನುಗಳಿದ್ದು ಸುಮಾರು ಅರ್ಧದಷ್ಟನ್ನು ರಚನೆ ಕೆಡದಂತೆ ಹೊರತೆಗೆಯಬಹುದು. ಅಕಿರಾ ಯೊಶಿನೊ ಇನ್ನೊಂದು ವಿದ್ಯುದ್ದ್ವಾರಕ್ಕೆ ಇಂಗಾಲವನ್ನು ಬಳಸಿದರು; 1991ರಲ್ಲಿ ಸೋನಿ ಕಂಪನಿ ಈ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಮೂವರಿಗೂ 2019ರಲ್ಲಿ ನೊಬೆಲ್ ಬಂತು. ಚಾರ್ಜ್ ಮಾಡುವುದೆಂದರೆ ಆಕ್ಸೈಡಿನ ಸಂದಿನಲ್ಲಿರುವ ಲಿಥಿಯಮ್ಮನ್ನು ಗ್ರಾಫೈಟಿನ ಸಂದಿಗೆ ದೂಡುವುದು. ಆರು ಇಂಗಾಲಕ್ಕೆ ಒಂದು ಲಿಥಿಯಮ್ ಹಿಡಿಸುವ ಹೊತ್ತಿಗೆ ಗ್ರಾಫೈಟಿನ ಪದರಾಂತರ ಸುಮಾರು ಶೇ. 10ರಷ್ಟು ಹಿಗ್ಗಿರುತ್ತದೆ.

ಸಂದಿನ ಅಯಾನುಗಳನ್ನು ಬದಲಾಯಿಸುವ ಕೆಲಸ ಸಾಧಾರಣ ತಾಪದಲ್ಲೇ, ದ್ರಾವಣದಲ್ಲೇ ಆಗುತ್ತದೆ. ಆಕ್ಸೈಡುಗಳನ್ನು ಸಾವಿರ ಡಿಗ್ರಿಯ ಕುಲುಮೆಯಲ್ಲಿ ಸುಡುವ ಹಳೆಯ ಹಾದಿಗೆ ಇದು ತದ್ವಿರುದ್ಧ. ಕುಲುಮೆಯಲ್ಲಿ ಉಳಿಯದ ವಸ್ತುಗಳು ಈ ಮೃದು ರಸಾಯನದಿಂದ ಹುಟ್ಟುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೆ. ಗೋಪಾಲಕೃಷ್ಣನ್ ಪದರ ಪೆರೊವ್‌ಸ್ಕೈಟ್ ನಯೊಬೇಟುಗಳಲ್ಲಿ ಕ್ಷಾರಲೋಹದ ಅಯಾನುಗಳ ಜಾಗಕ್ಕೆ ಆಮ್ಲದಿಂದ ಪ್ರೋಟಾನುಗಳನ್ನು ತಂದು, ಆ ಪ್ರೋಟಾನುಗಳ ಮೂಲಕ ಸಾವಯವ ಅಮೀನುಗಳನ್ನು ಸಂದಿಗೆ ಹೊಗಿಸಿದ್ದು ಈ ಕ್ಷೇತ್ರದ ಗಟ್ಟಿ ಕೆಲಸಗಳಲ್ಲೊಂದು.

ಪದರಗಳನ್ನು ಒಂದೊಂದಾಗಿ ಬಿಡಿಸುವುದು ಸಂದಿನ ರಸಾಯನದ ಕೊನೆಯ ತುದಿ. 2004ರಲ್ಲಿ ಮ್ಯಾಂಚೆಸ್ಟರಿನ ಆಂದ್ರೆ ಗೈಮ್, ಕಾನ್‌ಸ್ಟಂಟಿನ್ ನೊವೊಸೆಲೊವ್ ಅಂಟುಪಟ್ಟಿಯಿಂದ ಗ್ರಾಫೈಟನ್ನು ಎಬ್ಬಿಸಿ ಒಂಟಿ ಪದರವಾದ ಗ್ರಾಫೀನನ್ನು ಪಡೆದದ್ದು ಎಲ್ಲರಿಗೂ ಗೊತ್ತು. ಮಾಲಿಬ್ಡಿನಮ್ ಡೈಸಲ್ಫೈಡ್ ಕಲಿಸಿದ ಪಾಠ ಅಷ್ಟು ಪ್ರಸಿದ್ಧವಲ್ಲ. ಗಟ್ಟಿಯಲ್ಲಿ ಬೆಳಕನ್ನು ಹೊಮ್ಮಿಸಲು ಒಲ್ಲದ ಈ ಅರೆವಾಹಕ ಒಂಟಿ ಪದರವಾದೊಡನೆ ಪ್ರಕಾಶ ಬೀರತೊಡಗುತ್ತದೆಂದು 2010ರಲ್ಲಿ ಕಂಡುಬಂತು. ನೆರೆಯ ಪದರದ ದುರ್ಬಲ ಪ್ರಭಾವವೂ ಎಲೆಕ್ಟ್ರಾನುಗಳಿಗೆ ದುರ್ಬಲವಾಗಿರಲಿಲ್ಲ ಎಂದಾಯಿತು.

ಪದರಗಳಲ್ಲಿ ಅತಿವಾಹಕತೆ

ಸಂಕ್ರಮಣ ತಾಪಕ್ಕಿಂತ ಕೆಳಗೆ ವಿದ್ಯುತ್ ರೋಧ ಸೊನ್ನೆಯಾಗುವ ಅತಿವಾಹಕತೆಯನ್ನು 1911ರಲ್ಲಿ ಲೈಡನ್ನಿನ ಕಾಮರ್ಲಿಂಗ್ ಆನ್ಸ್ ಪಾದರಸದಲ್ಲಿ, 4.2 ಕೆಲ್ವಿನ್‌ನಲ್ಲಿ, ಕಂಡರು. 1973ರ ಹೊತ್ತಿಗೆ ದಾಖಲೆ ನಯೊಬಿಯಮ್–ಜರ್ಮೇನಿಯಮ್ ಮಿಶ್ರಲೋಹದ 23 ಕೆಲ್ವಿನ್‌ಗೆ ಬಂದು ನಿಂತಿತ್ತು. ಪದರ ಘನಗಳು ಆ ಪಂದ್ಯದಲ್ಲಿ ಇನ್ನೂ ಇರಲಿಲ್ಲ, ಆದರೆ ಬೇರೊಂದು ಕಾರಣಕ್ಕೆ ಕುತೂಹಲ ಕೆರಳಿಸಿದ್ದವು.

ಟ್ಯಾಂಟಲಮ್ ಡೈಸಲ್ಫೈಡ್ 0.8 ಕೆಲ್ವಿನ್‌ನಲ್ಲಿ ಅತಿವಾಹಕ. 1970ರ ಸುಮಾರಿಗೆ ಅಮೆರಿಕದಲ್ಲಿ ಗ್ಯಾಂಬಲ್, ಗೆಬಾಲೆ ಮತ್ತು ಸಂಗಡಿಗರು ಅದರ ಸಂದಿಗೆ ಪಿರಿಡೀನ್ ಅಣುಗಳನ್ನು ಸೇರಿಸಿದರು. ಪದರಾಂತರ 6ರಿಂದ 12 ಆಂಗ್‌ಸ್ಟ್ರಾಂಗೆ ಹಿಗ್ಗಿತು. ಅತಿವಾಹಕತೆ ಸಾಯಲಿಲ್ಲ, 3.5 ಕೆಲ್ವಿನ್‌ಗೆ ಏರಿತು. ಉದ್ದ ಸರಪಣಿಯ ಅಮೀನುಗಳನ್ನು ಹೊಗಿಸಿ ಪದರಗಳನ್ನು 50 ಆಂಗ್‌ಸ್ಟ್ರಾಂಗೂ ಹೆಚ್ಚು ದೂರ ಸರಿಸಿದರೂ ಅದು ಉಳಿಯಿತು. ಒಂಟಿ ಪದರವೇ ಅತಿವಾಹಕತೆಯನ್ನು ಹೊರಬಲ್ಲದೆಂಬುದಕ್ಕೆ ದೊರೆತ ಮೊದಲ ಬಲವಾದ ಸೂಚನೆಯಿದು. ತಾಪ ಏರಿದ್ದೇಕೆ? ಈ ಬಗೆಯ ಲೋಹಗಳಲ್ಲಿ ಎಲೆಕ್ಟ್ರಾನುಗಳು ತಾವಾಗಿ ಅಲೆಯಂಥ ವಿನ್ಯಾಸದಲ್ಲಿ ನೆಲೆನಿಲ್ಲುವ ಪ್ರವೃತ್ತಿಯಿದ್ದು, ಅದು ಅತಿವಾಹಕತೆಯೊಂದಿಗೆ ಪೈಪೋಟಿ ನಡೆಸುತ್ತದೆ. ಸಂದಿಗೆ ಬಂದ ಅಣು ಪದರಕ್ಕೆ ಎಲೆಕ್ಟ್ರಾನು ಕೊಟ್ಟು ಆ ಅಲೆಯನ್ನು ಅಡಗಿಸುತ್ತದೆ. ನಯೊಬಿಯಮ್ ಡೈಸೆಲೆನೈಡಿನಲ್ಲಿ ಎರಡೂ ಒಟ್ಟಿಗೆ ಬಾಳುತ್ತವೆ: ಅಲೆ 33 ಕೆಲ್ವಿನ್‌ನಲ್ಲಿ, ಅತಿವಾಹಕತೆ 7.2 ಕೆಲ್ವಿನ್‌ನಲ್ಲಿ.

ಗ್ರಾಫೈಟೂ ಕ್ಯಾಲ್ಸಿಯಮ್ಮೂ ಸಾಮಾನ್ಯ ಒತ್ತಡದಲ್ಲಿ ಅತಿವಾಹಕಗಳಲ್ಲ. ಗ್ರಾಫೈಟಿನ ಸಂದಿಗೆ ಕ್ಯಾಲ್ಸಿಯಮ್ ಸೇರಿದಾಗ 11.5 ಕೆಲ್ವಿನ್‌ನಲ್ಲಿ ಅತಿವಾಹಕ ಹುಟ್ಟುತ್ತದೆಂದು 2005ರಲ್ಲಿ ತಿಳಿಯಿತು. ಹಾಫ್ನಿಯಮ್ ನೈಟ್ರೈಡ್ ಕ್ಲೋರೈಡ್ ಎಂಬ ಅವಾಹಕದ ಸಂದಿಗೆ ಲಿಥಿಯಮ್ಮನ್ನೂ ದ್ರಾವಕದ ಅಣುಗಳನ್ನೂ ಸೇರಿಸಿ ಜಪಾನಿನ ಯಮನಾಕಾ ತಂಡ 1998ರಲ್ಲಿ 25.5 ಕೆಲ್ವಿನ್ ಮುಟ್ಟಿತು. ಇವೆಲ್ಲಕ್ಕಿಂತ ವಿಚಿತ್ರವಾದದ್ದು ಸೋಡಿಯಮ್ ಕೋಬಾಲ್ಟ್ ಆಕ್ಸೈಡ್. ಒಣಗಿದ ರೂಪದಲ್ಲಿ ಅದಕ್ಕೆ ಅತಿವಾಹಕತೆಯಿಲ್ಲ. ಸೋಡಿಯಮ್ ಸ್ವಲ್ಪ ತೆಗೆದು, ನೀರಿನ ಅಣುಗಳನ್ನು ಸಂದಿಗೆ ಬಿಟ್ಟು ಪದರಾಂತರವನ್ನು 9.8 ಆಂಗ್‌ಸ್ಟ್ರಾಂಗೆ ಏರಿಸಿದಾಗ ಸುಮಾರು 5 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ. ಇದು 2003ರಲ್ಲಿ ಜಪಾನಿನಲ್ಲೇ ಕಂಡುಬಂದದ್ದು.

ತಾಮ್ರದ ಆಕ್ಸೈಡುಗಳು

1986ರಲ್ಲಿ ಸ್ವಿಟ್ಜರ್ಲೆಂಡಿನ ಐಬಿಎಂ ಪ್ರಯೋಗಾಲಯದಲ್ಲಿ ಬೆಡ್‌ನೋರ್ಟ್ಸ್ ಮತ್ತು ಮ್ಯುಲರ್ ಲ್ಯಾಂಥನಮ್, ಬೇರಿಯಮ್, ತಾಮ್ರಗಳ ಆಕ್ಸೈಡೊಂದರಲ್ಲಿ 30 ಕೆಲ್ವಿನ್‌ನ ಆಸುಪಾಸಿನಲ್ಲಿ ಅತಿವಾಹಕತೆಯ ಆರಂಭವನ್ನು ಕಂಡರು. ಮರುವರ್ಷವೇ ಅವರಿಗೆ ನೊಬೆಲ್ ಸಂದಿತು. ಆ ಅತಿವಾಹಕದ ಮಾತೃವಸ್ತು ಲ್ಯಾಂಥನಮ್ ತಾಮ್ರ ಆಕ್ಸೈಡ್. ಅದು ಬೆಂಗಳೂರಿಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾವ್ ಮತ್ತು ಪಿ. ಗಂಗೂಲಿ ಇದನ್ನೂ ಇದರ ನಿಕ್ಕಲ್ ಸೋದರನನ್ನೂ 1970ರ ದಶಕದಿಂದ ಅಳೆದು ನೋಡುತ್ತಿದ್ದರು. ಆದ್ದರಿಂದಲೇ 1987ರ ಆರಂಭದಲ್ಲಿ ಪಾಲ್ ಚು, ವು ಮಾವ್-ಕುವೆನ್ ಮತ್ತು ಸಂಗಡಿಗರು ಇಟ್ರಿಯಮ್ ಸೇರಿದ ಮಿಶ್ರಣದಲ್ಲಿ 93 ಕೆಲ್ವಿನ್ ಪ್ರಕಟಿಸಿದಾಗ, ಆ ಮಿಶ್ರಣದಲ್ಲಿ ಅತಿವಾಹಕವಾದ ವಸ್ತು ಯಾವುದೆಂದು ಪತ್ತೆಹಚ್ಚಿದ ಕೆಲವೇ ತಂಡಗಳಲ್ಲಿ ರಾವ್ ಅವರ ತಂಡವೂ ಇತ್ತು. ಅವರ ವರದಿ ಅದೇ ವರ್ಷ ನೇಚರ್ ಪತ್ರಿಕೆಯಲ್ಲಿ ಬಂತು. ಇಟ್ರಿಯಮ್ ಒಂದು, ಬೇರಿಯಮ್ ಎರಡು, ತಾಮ್ರ ಮೂರು ಪಾಲಿರುವ ಈ ಆಕ್ಸೈಡಿಗೆ ಒಂದು-ಎರಡು-ಮೂರು ಎಂದೇ ಹೆಸರು ಬಿದ್ದಿತು. ದ್ರವ ಸಾರಜನಕ ಕುದಿಯುವುದು 77 ಕೆಲ್ವಿನ್‌ನಲ್ಲಿ; ದುಬಾರಿ ಹೀಲಿಯಮ್ಮಿನ ಹಂಗು ತಪ್ಪಿತು.

ಈ ಕುಟುಂಬದ ಎಲ್ಲ ವಸ್ತುಗಳಲ್ಲೂ ಇರುವ ಅಂಗ ಒಂದೇ: ಒಂದು ತಾಮ್ರಕ್ಕೆ ಎರಡು ಆಮ್ಲಜನಕವಿರುವ ಚೌಕಜಾಲದ ಪದರ. ಅದರೊಳಗೆ ತಾಮ್ರ–ಆಮ್ಲಜನಕ ಅಂತರ ಸುಮಾರು 1.9 ಆಂಗ್‌ಸ್ಟ್ರಾಂ, ಮೇಲೆ ಕೆಳಗೆ ಇರುವ ಆಮ್ಲಜನಕಗಳು ಸುಮಾರು 2.4 ಆಂಗ್‌ಸ್ಟ್ರಾಂ ದೂರ. ಮಾತೃವಸ್ತುವಿನಲ್ಲಿ ಈ ಪದರ ಅವಾಹಕ. ಪ್ರತಿ ತಾಮ್ರದ ಮೇಲೂ ಒಂದೊಂದು ಒಂಟಿ ಎಲೆಕ್ಟ್ರಾನಿದ್ದು, ಪರಸ್ಪರ ವಿಕರ್ಷಣೆಯಿಂದ ಅವು ಕದಲಲಾರವು, ನೆರೆಹೊರೆಯ ಎಲೆಕ್ಟ್ರಾನುಗಳ ಕಾಂತದಿಕ್ಕುಗಳು ಒಂದಕ್ಕೊಂದು ಎದುರಾಗಿರುತ್ತವೆ. ಸಂದಿನಲ್ಲಿರುವ ಲ್ಯಾಂಥನಮ್ಮಿನ ಸ್ವಲ್ಪ ಭಾಗವನ್ನು ಸ್ಟ್ರಾನ್ಷಿಯಮ್ಮಿನಿಂದ ಬದಲಿಸಿದರೆ ಪದರದಿಂದ ಎಲೆಕ್ಟ್ರಾನುಗಳು ಹೊರಹೋಗಿ ಖಾಲಿ ಜಾಗಗಳು, ಅಂದರೆ ರಂಧ್ರಗಳು, ಮೂಡುತ್ತವೆ. ರಂಧ್ರ ಹೆಚ್ಚಿದಂತೆ ಕಾಂತಕ್ರಮ ಅಳಿದು ಅತಿವಾಹಕತೆ ಕಾಣಿಸಿಕೊಳ್ಳುತ್ತದೆ. ಪ್ರತಿ ತಾಮ್ರಕ್ಕೆ ಸುಮಾರು 0.16 ರಂಧ್ರವಿದ್ದಾಗ ಸಂಕ್ರಮಣ ತಾಪ ಶಿಖರ ಮುಟ್ಟಿ ಮತ್ತೆ ಇಳಿಯುತ್ತದೆ. ಒಂದು-ಎರಡು-ಮೂರರಲ್ಲಿ ಈ ಕೆಲಸವನ್ನು ಮಾಡುವುದು ಆಮ್ಲಜನಕ. ಆರು ಆಮ್ಲಜನಕವಿದ್ದರೆ ಅದು ಅವಾಹಕ, ಏಳರ ಹತ್ತಿರ ಬಂದರೆ ಅತಿವಾಹಕ. ಕುಲುಮೆಯಿಂದ ತೆಗೆದ ಬಿಲ್ಲೆಯನ್ನು ಆಮ್ಲಜನಕದಲ್ಲಿ ನಿಧಾನವಾಗಿ ಆರಿಸದಿದ್ದರೆ ಶ್ರಮವೆಲ್ಲ ವ್ಯರ್ಥ.

ಒಂದು ಕಂತೆಯಲ್ಲಿ ಎಷ್ಟು ತಾಮ್ರಪದರಗಳಿವೆ ಎಂಬುದೂ ಮುಖ್ಯ. ಮಾಯೆದಾ 1988ರಲ್ಲಿ ಕಂಡುಹಿಡಿದ ಬಿಸ್ಮತ್ ಕುಟುಂಬದಲ್ಲಿ ಮೂರು ಪದರದ ಸದಸ್ಯ 110 ಕೆಲ್ವಿನ್ ಮುಟ್ಟುತ್ತದೆ; ಅದೇ ವರ್ಷ ಥ್ಯಾಲಿಯಮ್ ಕುಟುಂಬ 125ಕ್ಕೆ ಹೋಯಿತು; 1993ರಲ್ಲಿ ಜ್ಯೂರಿಕ್‌ನ ಶಿಲ್ಲಿಂಗ್ ಮತ್ತು ಸಂಗಡಿಗರು ಪಾದರಸದ ಆಕ್ಸೈಡಿನಲ್ಲಿ 133 ಕೆಲ್ವಿನ್ ಕಂಡರು. ಅಧಿಕ ಒತ್ತಡದಲ್ಲಿ ಅದು 164ರವರೆಗೂ ಏರಿತು. ಮೂರು ದಾಟಿ ನಾಲ್ಕು, ಐದು ಪದರಗಳಾದರೆ ತಾಪ ಇಳಿಯುತ್ತದೆ, ಏಕೆಂದರೆ ಸಂದಿನಿಂದ ದೂರವಾದ ಒಳಪದರಗಳಿಗೆ ರಂಧ್ರಗಳು ಸಾಲದಾಗುತ್ತವೆ.

ಬಿಸ್ಮತ್ ಅತಿವಾಹಕದಲ್ಲಿ ಎರಡು ಬಿಸ್ಮತ್–ಆಮ್ಲಜನಕ ಪದರಗಳ ನಡುವಣ ಹಿಡಿತ ಎಷ್ಟು ಸಡಿಲವೆಂದರೆ ಸ್ಫಟಿಕ ಅಭ್ರಕದಂತೆ ಪದರಪದರವಾಗಿ ಏಳುತ್ತದೆ. ಅಡ್ಡ ದಿಕ್ಕಿನ ರೋಧ ಪದರದ ಉದ್ದಕ್ಕಿರುವ ರೋಧಕ್ಕಿಂತ ಹತ್ತಾರು ಸಾವಿರ ಪಟ್ಟು, ಕೆಲವು ಸ್ಫಟಿಕಗಳಲ್ಲಿ ಲಕ್ಷ ಪಟ್ಟು ಹೆಚ್ಚು. ಆ ಸಂದಿಗೆ ಅಯೊಡಿನ್ ಹೊಗಿಸಿದರೂ ಸಂಕ್ರಮಣ ತಾಪ ಸುಮಾರು 10 ಕೆಲ್ವಿನ್ ಮಾತ್ರ ಇಳಿಯುತ್ತದೆ. ಎರಡು ತಾಮ್ರಪದರಗಳಿರುವ ಬಿಸ್ಮತ್ ಆಕ್ಸೈಡಿನ ಒಂಟಿ ಪದರವನ್ನು ಬಿಡಿಸಿ ಅಳೆದಾಗ ಗಟ್ಟಿ ಸ್ಫಟಿಕದಷ್ಟೇ ತಾಪದಲ್ಲಿ ಅದು ಅತಿವಾಹಕವಾದದ್ದು 2019ರಲ್ಲಿ ವರದಿಯಾಯಿತು. ಅರ್ಧ ಶತಮಾನದ ಹಿಂದೆ ಪಿರಿಡೀನ್ ಪ್ರಯೋಗ ಎತ್ತಿದ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಪದರಗಳ ನಡುವಣ ಈ ಸಡಿಲತೆಯೇ ತಂತಿ ಮಾಡುವವರಿಗೆ ತೊಡಕಾಯಿತು. ಪದರಕ್ಕೆ ಅಡ್ಡವಾಗಿ, ಅತಿವಾಹಕತೆಗೆ ಕಾರಣವಾದ ಎಲೆಕ್ಟ್ರಾನ್ ಜೋಡಿಗಳ ವ್ಯಾಪ್ತಿ ಎರಡು-ಮೂರು ಆಂಗ್‌ಸ್ಟ್ರಾಂ ಅಷ್ಟೆ. ಎರಡು ಕಣಗಳ ಪದರಗಳು ಕೆಲವೇ ಡಿಗ್ರಿ ಓರೆಯಾಗಿ ಸೇರಿದರೂ ಆ ಗಡಿಯಲ್ಲಿ ಪ್ರವಾಹ ಕುಸಿಯುತ್ತದೆ. ಬಿಸ್ಮತ್ ಆಕ್ಸೈಡನ್ನು ಬೆಳ್ಳಿಯ ಕೊಳವೆಯಲ್ಲಿ ತುಂಬಿ ಎಳೆದು ಚಪ್ಪಟೆ ಮಾಡಿದರೆ ಅದರ ಕಣಗಳು ತಾವಾಗಿ ಸಾಲುಗೂಡುತ್ತವೆ. ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯದ ಮಹಾ ಕಣವೇಗವರ್ಧಕದಲ್ಲಿ ಆಯಸ್ಕಾಂತಗಳಿಗೆ ವಿದ್ಯುತ್ ಒಯ್ಯಲು ಇಂಥ ಪಟ್ಟಿಗಳಿವೆ. ಇಟ್ರಿಯಮ್ ಬಗೆಯ ಆಕ್ಸೈಡುಗಳನ್ನು ಲೋಹದ ಪಟ್ಟಿಯ ಮೇಲೆ ತೆಳುಪೊರೆಯಾಗಿ, ಕಣಗಳೆಲ್ಲ ಒಂದೇ ದಿಕ್ಕಿಗೆ ತಿರುಗಿರುವಂತೆ ಬೆಳೆಸಬೇಕು. ಕಷ್ಟದ ಕೆಲಸವಾದರೂ ಫಲ ದೊಡ್ಡದು: ಇಂಥ ಪಟ್ಟಿಗಳಿಂದ ಸುತ್ತಿದ ಸಮ್ಮಿಳನ ರಿಯಾಕ್ಟರಿನ ಆಯಸ್ಕಾಂತವೊಂದು 2021ರಲ್ಲಿ ಅಮೆರಿಕದಲ್ಲಿ 20 ಟೆಸ್ಲಾ ಕ್ಷೇತ್ರ ಮುಟ್ಟಿತು.

ತಾಮ್ರವಿಲ್ಲದವು

ಪದರವಿದ್ದರೆ ಸಾಲದು, ಪದರದಲ್ಲಿ ಏನಿದೆ ಎಂಬುದೂ ಬೇಕೆನ್ನುವುದಕ್ಕೆ ಸ್ಟ್ರಾನ್ಷಿಯಮ್ ರುಥೇನಿಯಮ್ ಆಕ್ಸೈಡ್ ಸಾಕ್ಷಿ. ಲ್ಯಾಂಥನಮ್ ತಾಮ್ರ ಆಕ್ಸೈಡಿನದೇ ರಚನೆ, ಆದರೆ ಸಂಕ್ರಮಣ ತಾಪ 1.5 ಕೆಲ್ವಿನ್. ಭಾರತದಲ್ಲಿ 1994ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ತಂಡ ಇಟ್ರಿಯಮ್, ನಿಕ್ಕಲ್, ಬೋರಾನ್, ಇಂಗಾಲಗಳ ಸಂಯುಕ್ತದಲ್ಲಿ ಅತಿವಾಹಕತೆಯನ್ನು ಕಂಡು ಬೋರೊಕಾರ್ಬೈಡ್ ಎಂಬ ಹೊಸ ಪದರ ಕುಟುಂಬಕ್ಕೆ ದಾರಿ ತೆರೆಯಿತು. ರಸಾಯನಜ್ಞರಿಗೆ 1950ರ ದಶಕದಿಂದ ಪರಿಚಿತವಾಗಿದ್ದ ಮೆಗ್ನೀಸಿಯಮ್ ಡೈಬೋರೈಡ್ 39 ಕೆಲ್ವಿನ್‌ನ ಅತಿವಾಹಕವೆಂದು ಜಪಾನಿನ ಅಕಿಮಿತ್ಸು 2001ರಲ್ಲಿ ತೋರಿಸಿದರು. ಅದರಲ್ಲಿ ಬೋರಾನ್ ಗ್ರಾಫೈಟಿನಂಥದೇ ಷಟ್ಕೋನ ಜಾಲ ಕಟ್ಟಿಕೊಂಡಿದೆ, ಮೆಗ್ನೀಸಿಯಮ್ ಸಂದಿನಲ್ಲಿದೆ.

2008ರಲ್ಲಿ ಟೋಕಿಯೊದ ಹೊಸೊನೊ ತಂಡ ಕಬ್ಬಿಣ–ಆರ್ಸೆನಿಕ್ ಪದರಗಳಲ್ಲಿ 26 ಕೆಲ್ವಿನ್ ಕಂಡಿತು; ಲ್ಯಾಂಥನಮ್ಮಿನ ಜಾಗಕ್ಕೆ ಸಮೇರಿಯಮ್ ಬಂದಾಗ ಅದು 55ಕ್ಕೆ ಏರಿತು. ಅತಿವಾಹಕತೆಯ ಶತ್ರುವೆಂದು ಬಗೆದಿದ್ದ ಕಬ್ಬಿಣವೇ ಅದನ್ನು ಹೊರುತ್ತಿದೆಯೆಂಬುದು ನಿಜಕ್ಕೂ ಬೆರಗಿನ ಸಂಗತಿ. ಕಬ್ಬಿಣದ ಸೆಲೆನೈಡ್ ಗಟ್ಟಿಯಲ್ಲಿ, ಸಾಮಾನ್ಯ ಒತ್ತಡದಲ್ಲಿ, ಸುಮಾರು 8 ಕೆಲ್ವಿನ್‌ನ ಅತಿವಾಹಕ, ಸಂದಿಗೆ ಲಿಥಿಯಮ್–ಕಬ್ಬಿಣದ ಹೈಡ್ರಾಕ್ಸೈಡ್ ಬಂದರೆ 40 ಮೀರುತ್ತದೆ.

ತಾಮ್ರದ ನೆರೆಯ ಧಾತುವಾದ ನಿಕ್ಕಲ್‌ನ ಸರದಿ ತಡವಾಗಿ ಬಂತು. 2019ರಲ್ಲಿ ಸ್ಟ್ಯಾನ್‌ಫರ್ಡಿನ ಹ್ವಾಂಗ್ ತಂಡ ನಿಯೊಡಿಮಿಯಮ್ ನಿಕ್ಕಲ್ ಆಕ್ಸೈಡಿನ ತೆಳುಪೊರೆಯಿಂದ ಕ್ಯಾಲ್ಸಿಯಮ್ ಹೈಡ್ರೈಡಿನ ನೆರವಿನಲ್ಲಿ, ಕಡಿಮೆ ತಾಪದಲ್ಲಿ, ಒಂದು ಆಮ್ಲಜನಕವನ್ನು ಕಿತ್ತು ಪದರ ರಚನೆ ಪಡೆದು 9ರಿಂದ 15 ಕೆಲ್ವಿನ್‌ವರೆಗಿನ ಅತಿವಾಹಕತೆಯನ್ನು ಕಂಡಿತು. 2023ರಲ್ಲಿ ಚೀನಾದ ಸನ್ ಯಾಟ್-ಸೆನ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಎರಡು ನಿಕ್ಕಲ್ ಪದರಗಳ ಕಂತೆಯುಳ್ಳ ಲ್ಯಾಂಥನಮ್ ನಿಕ್ಕಲ್ ಆಕ್ಸೈಡಿನಲ್ಲಿ, 14 ಗಿಗಾಪಾಸ್ಕಲ್ ಮೀರಿದ ಒತ್ತಡದಲ್ಲಿ, ಸುಮಾರು 80 ಕೆಲ್ವಿನ್ ವರದಿ ಮಾಡಿದರು. ಒಂದು, ಎರಡು, ಮೂರು ಪದರಗಳ ಇದೇ ನಿಕ್ಕಲ್ ಸರಣಿಯನ್ನು ತಯಾರಿಸಿ, ಪದರಗಳ ಸಂಖ್ಯೆ ಏರಿದಂತೆ ಅದರ ಗುಣ ಎರಡು ಆಯಾಮದಿಂದ ಮೂರು ಆಯಾಮದತ್ತ ಸರಿಯುವುದನ್ನು ರಾವ್ ಅವರ ಬೆಂಗಳೂರಿನ ತಂಡ 1986ರಲ್ಲೇ ಪ್ರಕಟಿಸಿತ್ತು.

ತಾಮ್ರದ ಆಕ್ಸೈಡುಗಳಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗುತ್ತವೆ, ಆ ಜೋಡಿಯ ಆಕಾರ ನಾಲ್ಕು ದಳದ್ದು ಎಂಬಷ್ಟು 1990ರ ದಶಕದ ಪ್ರಯೋಗಗಳಿಂದ ಖಚಿತವಾಗಿದೆ. ಅವನ್ನು ಜೋಡಿಸುವ ಬಲ ಯಾವುದೆಂಬುದಕ್ಕೆ ಎಲ್ಲರೂ ಒಪ್ಪಿದ ಸಿದ್ಧಾಂತ ಇನ್ನೂ ಬಂದಿಲ್ಲ. ತಾಮ್ರಕ್ಕೆ ಇಷ್ಟು ಹತ್ತಿರವಿದ್ದೂ ಅದರಿಂದ ಸ್ಪಷ್ಟವಾಗಿ ಬೇರೆಯಾದ ನಿಕ್ಕಲ್ ಪದರಗಳು, ಆ ಸಿದ್ಧಾಂತಗಳನ್ನು ಒರೆಗೆ ಹಚ್ಚಲು ಈಗ ಕೈಯಲ್ಲಿರುವ ಅತ್ಯುತ್ತಮ ವಸ್ತು.